ಅವ್ವ ಮಾತು ಕೊಟ್ಟಿದ್ದಾಳೆ, ನಾನು ಏನು ಮಾಡಲಿ?

ಪ್ರಶ್ನೆ: ಅಕ್ಕಾ, ನನಗೆ 27 ವರ್ಷ. ಬ್ಯಾಡಗಿ ಹತ್ತಿರದ ಹಳ್ಳಿಯವನು. ಹುಬ್ಬಳ್ಳಿಯಲ್ಲಿ ಕೆಲಸ, ವಿದ್ಯಾನಗರದಲ್ಲಿ ರೂಮು. ನಾಲ್ಕು ವರ್ಷದಿಂದ ಒಬ್ಬ ಹುಡುಗನನ್ನು ಪ್ರೀತಿಸುತ್ತಿದ್ದೇನೆ. ಅವನು ಧಾರವಾಡದಲ್ಲಿ ಲ್ಯಾಬ್ ಟೆಕ್ನಿಶಿಯನ್. ಮನೆಯಲ್ಲಿ ಅವನು ನನ್ನ ಗೆಳೆಯ ಅಂತಷ್ಟೇ ಗೊತ್ತು. ಅಪ್ಪನಿಗೆ ಎದೆನೋವು ಬಂದಾಗ ರಾತ್ರಿಯೆಲ್ಲ ಆಸ್ಪತ್ರೆಯಲ್ಲಿ ನನ್ನ ಜೊತೆ ಕೂತವನು ಅವನೇ. ಅವ್ವ ಕಟಕ ರೊಟ್ಟಿ, ಶೇಂಗಾ ಚಟ್ನಿ ಕಳಿಸುವಾಗ ಅವನದೇ ಒಂದು ಗಂಟು ಬೇರೆ ಕಟ್ಟುತ್ತಾಳೆ. ಈಗ ಸೋದರಮಾವನ ಮಗಳ ಜೊತೆ ನನ್ನ ಮದುವೆ ಮಾತಾಗಿದೆ. ದೀಪಾವಳಿ ಮುಗಿದ ಮೇಲೆ ನಿಶ್ಚಯ. ‘ತಮ್ಮನ ಮುಂದ ಮಾತು ಕೊಟ್ಟೀನಿ, ನನ್ನ ಮರ್ಯಾದಿ ಕಳೀಬ್ಯಾಡ’ ಅನ್ನುತ್ತಾಳೆ ಅವ್ವ. ಅಕ್ಕನನ್ನು ಲಕ್ಷ್ಮೇಶ್ವರಕ್ಕೆ ಕೊಟ್ಟಿದೆ, ನಾನೊಬ್ಬನೇ ಮಗ. ಅಪ್ಪನ ಔಷಧ, ಸೊಸೈಟಿ ಸಾಲ ಎಲ್ಲ ನನ್ನ ಮೇಲಿದೆ. ಮದುವೆಯಾದರೆ ಸರಿ ಹೋಗುತ್ತದಾ? ಇದಕ್ಕೆ ಔಷಧ ಇದೆಯಾ? ಗೆಳೆಯ ಮಾತ್ರ ‘ನೀನು ಏನು ಮಾಡಿದರೂ ನನಗೆ ಬೇಜಾರಿಲ್ಲ’ ಅನ್ನುತ್ತಾನೆ. ರಾತ್ರಿ ನಿದ್ದೆ ಬರುವುದಿಲ್ಲ.

ಉತ್ತರ: ತಮ್ಮಾ, ಔಷಧದ ಮಾತು ಮೊದಲು ಮುಗಿಸೋಣ. ಔಷಧ ಇಲ್ಲ, ಬೇಕಾಗಿಯೂ ಇಲ್ಲ. ಇದು ಕಾಯಿಲೆ ಅಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ತನ್ನ ಪಟ್ಟಿಯಿಂದ ತೆಗೆದಿದೆ. ‘ಬದಲಾಯಿಸುತ್ತೇವೆ’ ಎಂದು ಚಿಕಿತ್ಸೆ ಕೊಡುವುದು ವೈದ್ಯರ ವೃತ್ತಿಗೆ ಸಲ್ಲದ ನಡತೆ ಎಂದು 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಹೇಳಿದೆ. ಗುಳಿಗೆ, ತಾಯಿತ ಅಂತ ಯಾರೇ ಬಂದರೂ ಒಂದು ರೂಪಾಯಿ ಕೊಡಬೇಡ. ಪೊಲೀಸರ ಭಯವೂ ಬೇಡ. ವಯಸ್ಸಿಗೆ ಬಂದ ಇಬ್ಬರು ಒಪ್ಪಿ ಜೊತೆಗಿದ್ದರೆ ಅದು ಅಪರಾಧವಲ್ಲ ಎಂದು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ರಂದು ತೀರ್ಪು ಕೊಟ್ಟಿದೆ.

ಇನ್ನು ಮದುವೆ. ನಿನ್ನ ಪತ್ರದಲ್ಲಿ ಅಪ್ಪ, ಅವ್ವ, ಗೆಳೆಯ ಎಲ್ಲರೂ ಕಣ್ಣಿಗೆ ಕಟ್ಟುತ್ತಾರೆ. ಮಾವನ ಮಗಳು ಮಾತ್ರ ಒಂದೇ ಸಾಲಿನಲ್ಲಿ ಬಂದು ಹೋದಳು. ಅವಳು ಏನು ಓದಿದ್ದಾಳೆ, ಅವಳಿಗೆ ಏನು ಆಸೆ, ಒಂದೂ ಇಲ್ಲ. ನನಗೆ ಜಾಸ್ತಿ ಚಿಂತೆ ಅವಳದ್ದೇ. ಧಾರವಾಡದಲ್ಲಿ ಆಪ್ತಸಮಾಲೋಚನೆ ಮಾಡುವ ನಾನು, ಇಂಥ ಮದುವೆಯಲ್ಲಿ ಸಿಕ್ಕಿಕೊಂಡ ಹೆಣ್ಣುಮಕ್ಕಳ ಎದುರು ಕೂತಿದ್ದೇನೆ. ಒಬ್ಬಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ‘ನಾ ಚಂದ ಇಲ್ಲೇನ್ರಿ ಅಕ್ಕಾರ?’ ಅಂತ ಕೇಳಿದಳು. ಗಂಡ ಹೊಡೆಯುವವನಲ್ಲ, ಬೈಯುವವನೂ ಅಲ್ಲ. ಸುಮ್ನೆ ಗೋಡೆ ಕಡೆ ತಿರುಗಿ ಮಲಗುತ್ತಿದ್ದ. ಆರು ವರ್ಷ ಅವಳು ತನ್ನಲ್ಲೇ ಏನೋ ಕೊರತೆ ಎಂದುಕೊಂಡು ಸೋಮವಾರ ಹಿಡಿದಿದ್ದಳು. ಮದುವೆಯಾದರೆ ನೀನು ಬದಲಾಗುವುದಿಲ್ಲ. ಏನೂ ತಿಳಿಯದ ಅವಳು ಸೊರಗುತ್ತಾಳೆ.

ಅವ್ವನ ಲೆಕ್ಕವನ್ನೂ ಹಾಕು. ಈಗ ಬೇಡ ಎಂದರೆ ಮಾವ ಆರು ತಿಂಗಳು, ಒಂದು ವರ್ಷ ಮುನಿಸಿಕೊಂಡಾನು. ಮದುವೆಯಾಗಿ ಮುರಿದುಬಿದ್ದರೆ ಅವ್ವನಿಗೆ ತವರುಮನೆಯೇ ಇಲ್ಲದಂತಾಗುತ್ತದೆ. ಪಂಚಮಿಗೆ ಯಾರ ಮನೆಗೆ ಹೋಗುತ್ತಾಳೆ ಹೇಳು. ಅವಳ ಮರ್ಯಾದೆ ಉಳಿಸಬೇಕು ಅನ್ನುವವನು ಈ ಮದುವೆಯನ್ನು ನಿಲ್ಲಿಸಲೇಬೇಕು.

ಹೇಗೆ? ಮದುವೆ ಬೇಡ ಎನ್ನುವುದು ಬೇರೆ, ನಿನ್ನ ಪ್ರೀತಿಯ ವಿಷಯ ಹೇಳುವುದು ಬೇರೆ. ಎರಡನ್ನೂ ಒಂದೇ ದಿನ ಹೇಳಬೇಕಿಲ್ಲ. ಮೊದಲನೆಯದಕ್ಕೆ ತಡ ಮಾಡಬೇಡ. ಹಬ್ಬಕ್ಕೆ ಬಳಗವೆಲ್ಲ ಕೂಡುವ ಮುಂಚೆ ಲಕ್ಷ್ಮೇಶ್ವರಕ್ಕೆ ಹೋಗಿ ಅಕ್ಕನ ಜೊತೆ ಮಾತಾಡು. ಅವಳ ಮನಸ್ಸು ನಿನಗೇ ಗೊತ್ತು. ನಂಬಿಕೆ ಇದ್ದರೆ ಪೂರ್ತಿ ಹೇಳು, ಇಲ್ಲದಿದ್ದರೆ ಮದುವೆಯ ಮಾತಷ್ಟೇ ಸಾಕು. ಆಮೇಲೆ ಅವ್ವನಿಗೆ ಹೇಳು. ಮಾವನ ಮನೆಗೆ ನೀನೇ ಹೋಗು. ‘ಮಾಮಾ, ಅವ್ವಂದು ಏನೂ ತಪ್ಪಿಲ್ಲ, ಒಲ್ಲೆ ಅಂದವನು ನಾನು’ ಅನ್ನು. ಬೈಗುಳ ನಿನ್ನ ಮೇಲೆ ಬೀಳಲಿ. ಹುಡುಗಿಯಲ್ಲಿ ಕೊರತೆ ಇದೆ ಅನ್ನುವ ಒಂದು ಮಾತೂ ಯಾರ ಬಾಯಲ್ಲೂ ಬರಬಾರದು, ಊರಿನಲ್ಲಿ ಅದು ಅವಳನ್ನು ಕಾಡುತ್ತದೆ.

ಎರಡನೆಯದನ್ನು ಅಪ್ಪನಿಗೆ ಹೇಳುವ ಮುಂಚೆ ಅವರ ಡಾಕ್ಟರನ್ನು ಒಂದು ಮಾತು ಕೇಳು. ಫೋನಿನಲ್ಲಿ ಬೇಡವೇ ಬೇಡ. ಮನೆಯವರು ಸಿಟ್ಟಿನಲ್ಲಿ ಏನೇ ಅಂದರೂ ಔಷಧದ ದುಡ್ಡು, ಸಾಲದ ಕಂತು ನಿಲ್ಲಿಸಬೇಡ. ಮಗನಾಗಿ ನಿನ್ನ ಕರ್ತವ್ಯ ಅದು, ಅದನ್ನು ಆಗಲೇ ಮಾಡುತ್ತಿದ್ದೀಯ. ಅದಕ್ಕೆ ಮದುವೆ ಆಗಬೇಕಿಲ್ಲ.

ನಿದ್ದೆ ಬರುವುದಿಲ್ಲ ಎಂದು ಬರೆದಿದ್ದೀಯ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, 14416ಕ್ಕೆ, ಫೋನ್ ಮಾಡು. ದಿನದ 24 ಗಂಟೆಯೂ ಇದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಜೀವ ಬೇಡ ಅನ್ನಿಸಿದರೆ ಬೆಳಗಾಗುವ ತನಕ ಕಾಯಬೇಡ. ಧಾರವಾಡದಲ್ಲಿ ಮಾನಸಿಕ ಆರೋಗ್ಯದ ಆಸ್ಪತ್ರೆ ಡಿಮ್ಹಾನ್ಸ್ ಇದೆ, ಮುಂದೆ ಅವ್ವನಿಗೂ ತಿಳಿಸಿ ಹೇಳುವವರು ಬೇಕಾದರೆ ಅಲ್ಲಿಗೆ ಕರೆದುಕೊಂಡು ಹೋಗಬಹುದು.

ಮುಂದಿನ ದಿನಗಳ ಬಗ್ಗೆ ಸುಳ್ಳು ಭರವಸೆ ಕೊಡಲಾರೆ. ನಿಮ್ಮಂಥವರ ಮದುವೆಗೆ ನಮ್ಮಲ್ಲಿ ಕಾನೂನಿನ ಮಾನ್ಯತೆ ಇಲ್ಲ, 2023ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಸಂಸತ್ತಿಗೆ ಬಿಟ್ಟಿತು. ಆದರೆ ಇಬ್ಬರೂ ಸೇರಿ ಬ್ಯಾಂಕಿನಲ್ಲಿ ಜಂಟಿ ಖಾತೆ ತೆರೆಯಲು, ಒಬ್ಬರನ್ನೊಬ್ಬರು ನಾಮಿನಿ ಮಾಡಲು ಅಡ್ಡಿಯಿಲ್ಲ ಎಂದು ಕೇಂದ್ರ ಸರ್ಕಾರ 2024ರಲ್ಲಿ ತಿಳಿಸಿದೆ.

ಗೆಳೆಯನ ‘ಬೇಜಾರಿಲ್ಲ’ವನ್ನು ನಾನು ನಂಬುವುದಿಲ್ಲ. ನಿನಗೆ ಭಾರ ಆಗಬಾರದು ಅಂತ ಹಾಗೆ ಅಂದಿದ್ದಾನೆ. ಮದುವೆಗೆ ಒಲ್ಲೆ ಅನ್ನುತ್ತಿದ್ದೇನೆ ಎಂದು ಇವತ್ತೇ ಅವನಿಗೆ ಹೇಳು. ಆಮೇಲೆ ಅವನಿಗೆ ಏನು ಬೇಕು ಅಂತ ಕೇಳು.