ರಷ್ಯಾದ ಸಂಯೋಜಕಿ ಉಸ್ತ್ವೋಲ್ಸ್ಕಾಯಾ ಅವರ ಸಂಗೀತ ನುಡಿಸುವ ಮೊದಲು, ಜನ ಒಪ್ಪಲಿ ಅಂತ, ‘ಇದು ಭಕ್ತಿ ಸಂಗೀತ’ ಎಂದು ಪರಿಚಯಿಸಬಹುದಾ?

ಬೇಡ. ನಾನು ಹಾಗೆ ಹೇಳಿಯೇ ಕೆಟ್ಟೆ.

ಬೆಂಗಳೂರಿನ ಒಂದು ಪುಟ್ಟ ಹಾಲ್, ಮೂವತ್ತು ಜನ. ನುಡಿಸಬೇಕಿದ್ದದ್ದು ಗಲೀನಾ ಉಸ್ತ್ವೋಲ್ಸ್ಕಾಯಾ 1988ರಲ್ಲಿ ಬರೆದ ಆರನೇ ಪಿಯಾನೊ ಸೊನಾಟಾ, ಅಂದರೆ ಪಿಯಾನೊ ಒಂದಕ್ಕೇ ಬರೆದ ಕೃತಿ. ಏಳೇ ನಿಮಿಷ. ಆದರೆ ಅದರಲ್ಲಿ ಬೆರಳಿಗಿಂತ ಅಂಗೈಗೆ, ಮುಂಗೈಗೆ ಕೆಲಸ ಜಾಸ್ತಿ. ಅಕ್ಕಪಕ್ಕದ ಕೀಗಳನ್ನೆಲ್ಲ ಒಟ್ಟಿಗೆ ಗುದ್ದಬೇಕು. ಸ್ವರಲಿಪಿಯಲ್ಲಿ ‘ಎಫ್’ ಅಂದರೆ ಜೋರು; ಎಷ್ಟು ಜೋರು ಅಂತ ತಿಳಿಸಲು ಐದೈದು ‘ಎಫ್’ ಬರೆದಿದ್ದಾರೆ. ಮನೆಯಲ್ಲಿ ಅಭ್ಯಾಸ ಮಾಡುವಾಗ ನನ್ನ ಮುಂಗೈ ಕೆಂಪಗಾಗುತ್ತಿತ್ತು. ಪಕ್ಕದ ಮನೆಯವರು ಏನೋ ರಿಪೇರಿ ನಡೆದಿದೆ ಅಂದುಕೊಂಡಿದ್ದರು!

ಜನ ಎದ್ದು ಹೋಗಿಬಿಟ್ಟರೆ ಅಂತ ಹೆದರಿ ಮೊದಲು ಭಾಷಣ ಬಿಗಿದೆ. ಉಸ್ತ್ವೋಲ್ಸ್ಕಾಯಾ ಹೆಸರಾಂತ ರಷ್ಯನ್ ಸಂಯೋಜಕ ಶೋಸ್ತಕೋವಿಚ್ ಅವರ ಶಿಷ್ಯೆ, ಗುರುವೇ ಮದುವೆಗೆ ಕೇಳಿದರೂ ಒಪ್ಪಲಿಲ್ಲ ಎಂದೆ. ಸೋವಿಯತ್ ಸರ್ಕಾರಕ್ಕೆ ಹಿಡಿಸುವಂತೆ ಬರೆದವುಗಳನ್ನು ಆಮೇಲೆ ತಮ್ಮ ಕೃತಿಗಳ ಪಟ್ಟಿಯಿಂದಲೇ ಕಿತ್ತುಹಾಕಿದರು ಎಂದೆ. ದೇವರ ಹೆಸರೆತ್ತುವುದೇ ಕಷ್ಟವಾಗಿದ್ದ 1983ರಲ್ಲಿ ಮೂರನೇ ಸಿಂಫನಿಗೆ ‘ಯೇಸು ಮೆಸ್ಸೀಯನೇ, ನಮ್ಮನ್ನು ಕಾಪಾಡು’ ಅಂತ ಹೆಸರಿಟ್ಟರು ಎಂದೆ. ಎಲ್ಲ ನಿಜವೇ. ಕೊನೆಗೆ ‘ಇದು ಪ್ರಾರ್ಥನೆ, ಕಣ್ಣು ಮುಚ್ಚಿ ಕೇಳಿ’ ಅಂದುಬಿಟ್ಟೆ. ಏಳು ನಿಮಿಷದ ಸಂಗೀತಕ್ಕೆ ಹನ್ನೆರಡು ನಿಮಿಷದ ಪೀಠಿಕೆ.

ಜನ ಪಾಪ, ಭಜನೆಗೆ ಕೂತ ಹಾಗೆ ಕಣ್ಣು ಮುಚ್ಚಿದರು. ಮೊದಲ ಗುದ್ದಿಗೇ ಮುಂದಿನ ಸಾಲಿನ ಅಜ್ಜಿಯೊಬ್ಬರು ಬೆಚ್ಚಿ ಕಿವಿ ಮುಚ್ಚಿಕೊಂಡರು. ಅದನ್ನು ನೋಡಿ ನಾನು ಕೈ ಸಡಿಲ ಬಿಟ್ಟೆ. ನಿಜವಾದ ತಪ್ಪು ಇದು, ಸ್ವಲ್ಪ ಬಿಡಿಸಿ ಹೇಳುತ್ತೇನೆ. ಈ ಸೊನಾಟಾದ ಕೊನೆಯ ಹತ್ತಿರ, ಇದ್ದಕ್ಕಿದ್ದಂತೆ ಒಂದಿಷ್ಟು ಮೆಲುದನಿಯ ಸ್ವರಗಳು ಬರುತ್ತವೆ. ಅಲ್ಲಿಯವರೆಗೆ ಗದ್ದಲ ತಡೆಯಲಾರದಷ್ಟು ಇದ್ದರೆ ಮಾತ್ರ ಆ ಮೆಲುದನಿಗೆ ಬೆಲೆ. ನಾನು ಗದ್ದಲವನ್ನೇ ಅರ್ಧಕ್ಕಿಳಿಸಿದ್ದೆ. ಮೆಲುದನಿ ಬಂತು, ಹೋಯಿತು, ಯಾರಿಗೂ ಗೊತ್ತೇ ಆಗಲಿಲ್ಲ. ಪ್ರಾರ್ಥನೆ ಅಂತ ಏನಾದರೂ ಇದ್ದರೆ ಅದು ಅಲ್ಲೇ ಇತ್ತು ಅಲ್ವಾ?

ಕಾರ್ಯಕ್ರಮ ಮುಗಿದ ಮೇಲೆ ಕಾಫಿ ಹೊತ್ತಿನಲ್ಲಿ ಎಲ್ಲರೂ ಕೇಳಿದ್ದು ಶೋಸ್ತಕೋವಿಚ್ ಮದುವೆ ವಿಷಯ. ಸಂಗೀತದ ಬಗ್ಗೆ ಒಬ್ಬರೂ ಬಾಯಿ ಬಿಡಲಿಲ್ಲ.

ಉಸ್ತ್ವೋಲ್ಸ್ಕಾಯಾ ಅವರೇ ಹೇಳಿಟ್ಟಿದ್ದನ್ನು ಆಮೇಲೆ ಓದಿದೆ: ತಮ್ಮ ಸಂಗೀತ ಪೂಜೆಯ ಸಂಗೀತವಲ್ಲ, ಆದರೆ ಅದರಲ್ಲಿ ಧಾರ್ಮಿಕ ಭಾವ ತುಂಬಿದೆ, ಪಾಂಡಿತ್ಯದ ಪೀಠಿಕೆ ಇಲ್ಲದೆ ಚರ್ಚ್‌ನಲ್ಲಿ ನುಡಿಸಿದರೆ ಚೆನ್ನ. ನಾನು ಮಾಡಿದ್ದು ಪೂರ್ತಿ ಉಲ್ಟಾ.

ಜನ ಒಪ್ಪಲಿ ಅನ್ನೋ ನಿಮ್ಮ ಆಸೆಯೇ ನನಗೆ ಸರಿ ಕಾಣುತ್ತಿಲ್ಲ. ಒಪ್ಪಿಸಲು ಹೊರಟರೆ ಕೈ ತಾನಾಗಿ ಮೆತ್ತಗಾಗುತ್ತದೆ. ಎದ್ದು ಹೋಗುವವರು ಹೋಗಲಿ ಬಿಡಿ. ಜೋರಾಗಿರುತ್ತೆ ಅಂತ ಬಾಗಿಲಲ್ಲೇ ಒಂದು ಚೀಟಿ ಅಂಟಿಸಿ, ಸಾಕು.

ಅವತ್ತು ರಾತ್ರಿ ಮನೆಗೆ ಬಂದು ತೋಳು ಮಡಚಿ ನೋಡಿಕೊಂಡೆ. ಮುಂಗೈ ಒಂಚೂರೂ ಕೆಂಪಾಗಿರಲಿಲ್ಲ.