ಕೆಲಸ ಯಾಕೆ ಹೋಯ್ತು ಅಂತ ಜರ್ಮನಿಯ ಇಂಟರ್ವ್ಯೂನಲ್ಲಿ ಕೇಳಿದರೆ

ನರಸಾಪುರದ ಕಾರ್ಖಾನೆಯಲ್ಲಿ ಲೈನ್ ಮುಚ್ಚಿ ಕೆಲಸ ಹೋಗಿ 8 ತಿಂಗಳಾಯ್ತು, ಜರ್ಮನಿಗೆ ಬಂದು ಕೆಲಸ ಹುಡುಕೋಕೆ ಕೊಡೋ ಶಾನ್ಸನ್‌ಕಾರ್ಟೆ ವೀಸಾದಲ್ಲಿ ಸ್ಟುಟ್‌ಗಾರ್ಟ್‌ಗೆ ಬಂದಿದ್ದೀನಿ, ಇಂಟರ್ವ್ಯೂನಲ್ಲಿ ಇದನ್ನ ಮುಚ್ಚಿಡಲಾ ಅಣ್ಣಾ ಅಂತ ಕೇಳಿದ್ದೀಯ. ಮುಚ್ಚಿಡಬೇಡಪ್ಪ. ಕೋಲಾರದಲ್ಲಿ ಮದುವೆಮನೆಯಲ್ಲಿ ಯಾರಾದರೂ ಕೇಳಿದರೆ ತಲೆ ತಗ್ಗಿಸೋ ವಿಷಯ ಇರಬಹುದು, ಇಲ್ಲಿ ಅಷ್ಟಿಲ್ಲ. ಇಲ್ಲಿನವರಿಗೆ ಸಹಿಸೋಕಾಗದ್ದು ಲೆಕ್ಕಕ್ಕೆ ಸಿಗದ ತಿಂಗಳುಗಳು, ಕಾಗದದ ಜೊತೆ ತಾಳೆಯಾಗದ ಮಾತು.

ರೆಸ್ಯೂಮೆಯಲ್ಲಿ ನಾವು ವರ್ಷ ಮಾತ್ರ ಹಾಕಿ ಸುಮ್ಮನಾಗ್ತೀವಿ. ಇಲ್ಲಿ ತಿಂಗಳೂ ಬೇಕು. ಇಲ್ಲದಿದ್ದರೆ ಏನೋ ಬಚ್ಚಿಟ್ಟಿದ್ದಾನೆ ಅಂದುಕೊಳ್ತಾರೆ. ಖಾಲಿ 8 ತಿಂಗಳಿಗೂ ಒಂದು ಸಾಲು ಕೊಡು: 'ಆರ್ಬೈಟ್‌ಸೂಖೆಂಡ್', ಅಂದರೆ ಕೆಲಸದ ಹುಡುಕಾಟದಲ್ಲಿ. ಅದರ ಕೆಳಗೆ ಆ ಸಮಯದಲ್ಲಿ ಮುಗಿಸಿದ ಜರ್ಮನ್ ಮಟ್ಟ, ಕಲಿತ ಕೋರ್ಸು. 'ಆರ್ಬೈಟ್ಸ್‌ಲೋಸ್', ನಿರುದ್ಯೋಗಿ, ಅಂತ ಬರೆದರೂ ಸುಳ್ಳಲ್ಲ. ಆದರೆ ಕೈಕಟ್ಟಿ ಕೂತಿದ್ದ ಹಾಗೆ ಕಾಣುತ್ತೆ.

ಹೆಚ್ಚು ಜನ ಎಡವೋದು ಕಾಗದದಲ್ಲಿ. ನಮ್ಮ ಕಡೆ ಲೈನ್ ಮುಚ್ಚುವಾಗಲೂ ಎಷ್ಟೋ ಸಲ ರಾಜೀನಾಮೆ ಬರೆಸಿಕೊಳ್ತಾರೆ, ರಿಲೀವಿಂಗ್ ಲೆಟರ್‌ನಲ್ಲಿ 'ಸ್ವಂತ ಕಾರಣ' ಅಂತ ಬರುತ್ತೆ. ನೀನು ಇಲ್ಲಿ 'ತೆಗೆದರು' ಅಂದರೆ ಎರಡರಲ್ಲಿ ಒಂದು ಸುಳ್ಳು ಅಂತಾಯ್ತು. ನಿನ್ನ ಲೆಟರ್ ಹಾಗಿದ್ದರೆ, ಆ ಹುದ್ದೆಯನ್ನೇ ತೆಗೆದುಹಾಕಲಾಯಿತು ಅಂತ ಒಂದೇ ಸಾಲಿನ ಮೇಲ್ ಹಳೇ ಎಚ್‌ಆರ್‌ರಿಂದ ಈಗಲೇ ತರಿಸಿಕೋ. ಪಿಎಫ್ ಸರ್ವಿಸ್ ಹಿಸ್ಟರಿಯಲ್ಲಿರೋ ಕೊನೆಯ ದಿನ, ಲೆಟರ್‌ನಲ್ಲಿರೋ ದಿನ, ರೆಸ್ಯೂಮೆಯ ತಿಂಗಳು, ಮೂರೂ ಹೊಂದಬೇಕು.

ಇನ್ನೊಂದು ಗುಂಡಿ ಇದೆ. ಇಲ್ಲಿ ಕೆಲಸ ಬಿಟ್ಟವರಿಗೆ 'ಆರ್ಬೈಟ್ಸ್‌ಟ್ಸೋಯ್ಗ್ನಿಸ್' ಅನ್ನೋ ಪತ್ರ ಕೊಡ್ತಾರೆ, ಅದು ಹೊಗಳಿಕೆಯ ಭಾಷೆಯಲ್ಲಿ ಬರೆದ ಮಾರ್ಕ್ಸ್‌ಕಾರ್ಡ್. 'ಯಾವಾಗಲೂ ಪರಿಪೂರ್ಣ ತೃಪ್ತಿ' ಅಂದರೆ ಫಸ್ಟ್ ಕ್ಲಾಸ್, 'ತುಂಬಾ ಪ್ರಯತ್ನಪಟ್ಟರು' ಅಂದರೆ ಫೇಲ್. ನಮ್ಮ ಲೆಟರ್‌ಗಳಲ್ಲಿ 'ಪ್ರಾಮಾಣಿಕ ಪ್ರಯತ್ನ' ಅಂತ ಮರ್ಯಾದೆಗೆ ಬರೆದಿರ್ತಾರಲ್ಲ, ಅದನ್ನ ಜರ್ಮನ್‌ಗೆ ಅನುವಾದಿಸಿ 'ಬೆಮ್ಯೂಟ್', ಅಂದರೆ ಅದೇ 'ಪ್ರಯತ್ನಪಟ್ಟರು', ಅಂತ ಮಾಡಿಸಿದರೆ ನಿನ್ನ ದುಡ್ಡು ಕೊಟ್ಟು ನೀನೇ ಫೇಲ್ ಆದ ಹಾಗೆ. ಇಂಗ್ಲಿಷ್ ಮೂಲವನ್ನೇ ತೋರಿಸು.

ಬಾಯಲ್ಲಿ ಹೇಳೋಕೆ ಮೂರು ವಾಕ್ಯ ಸಾಕು. 'ನಮ್ಮ ಅಸೆಂಬ್ಲಿ ಲೈನ್ ಮುಚ್ಚಿದರು, ಪಾಳಿಯ ಎಲ್ಲರ ಕೆಲಸವೂ ಹೋಯ್ತು. ಆಮೇಲೆ ಜರ್ಮನ್ ಕಲಿತೆ, ಇಲ್ಲಿಗೆ ಬಂದೆ. ನಿಮ್ಮಲ್ಲಿ ಇರೋದು ನಾನು ಐದು ವರ್ಷ ನಡೆಸಿದ ಥರದ್ದೇ ಮೆಷಿನ್.' ಎಷ್ಟು ಜನ, ಯಾವ ಮೆಷಿನ್ ಅನ್ನೋದು ನಿನ್ನ ನಿಜದ ಲೆಕ್ಕವೇ ಇರಲಿ. ಒಬ್ಬನನ್ನೇ ತೆಗೆದರಾ, ಎಲ್ಲರನ್ನೂ ತೆಗೆದರಾ ಅನ್ನೋದೇ ಅವರಿಗೆ ಮುಖ್ಯ. 'ಬೆಟ್ರೀಪ್ಸ್‌ಬೆಡಿಂಗ್ಟ್' ಅನ್ನೋ ಪದ ಬಾಯಿಪಾಠ ಮಾಡು. ಕಂಪನಿಯ ಕಾರಣಕ್ಕೆ, ನೌಕರನ ತಪ್ಪಿಗಲ್ಲ ಅಂತ ಅರ್ಥ. ಮ್ಯಾನೇಜರನ್ನ ಬೈಯಬೇಡ. ಹೇಳಿಯಾದ ಮೇಲೆ ಎದುರಿನವರು ಮಾತಾಡದೆ ಬರೆದುಕೊಳ್ತಾ ಇರ್ತಾರೆ. ಆ ಮೌನಕ್ಕೆ ಹೆದರಿ ಮನೆ ಕಷ್ಟ, ಸಾಲ, ಅಪ್ಪನ ಆರೋಗ್ಯ ಅಂತ ಶುರು ಮಾಡ್ತೀವಿ ನಾವು. ಬಾಯಿ ಮುಚ್ಕೊಂಡಿರು.

ನಿನ್ನನ್ನೊಬ್ಬನನ್ನೇ ಕೆಲಸ ಸರಿಯಿಲ್ಲ ಅಂತ ತೆಗೆದಿದ್ದರೆ? ಆಗಲೂ ಕಥೆ ಕಟ್ಟಬೇಡ. ಯಾವುದು ಬರ್ತಿರಲಿಲ್ಲ, ಈಗ ಅದನ್ನ ಹೇಗೆ ಕಲಿತಿದ್ದೀಯ, ಎರಡೇ ಮಾತು. ಕಾನೂನು ಪ್ರಕಾರ ಅವರು ಕೇಳಬಹುದಾದ ಪ್ರಶ್ನೆಗೆ ಬೇಕೆಂದೇ ಸುಳ್ಳು ಹೇಳಿ ಕೆಲಸ ತಗೊಂಡರೆ, ಆಮೇಲೆ ಗೊತ್ತಾದಾಗ ಆ ಕಾರಣಕ್ಕೇ ಒಪ್ಪಂದ ರದ್ದು ಮಾಡಿಸೋಕೆ ಕಾನೂನಲ್ಲಿ ದಾರಿ ಇದೆ. ಕೆಲಸದ ಮೇಲೆ ವೀಸಾ ನಿಂತಿರೋ ನಮಗೆ ಆ ಅಪಾಯ ಬೇಡ. ಧರ್ಮ ಯಾವುದು, ಮಕ್ಕಳು ಮಾಡ್ಕೊಳ್ಳೋ ಯೋಚನೆ ಇದೆಯಾ ಅಂತ ಕೇಳಿದರೆ ಉತ್ತರಿಸಬೇಕಾಗಿಲ್ಲ, ಅದು ಬೇರೆ.

ಇನ್ನೂ ಅನುಮಾನ ಪಟ್ಟರೆ ನೀನೇ ಕೇಳು, ಎರಡು ವಾರ ಕೆಲಸ ಮಾಡಿ ತೋರಿಸಲಾ ಅಂತ. ಶಾನ್ಸನ್‌ಕಾರ್ಟೆ ಇರೋರು ಒಂದೊಂದು ಕಂಪನಿಯಲ್ಲೂ ಎರಡು ವಾರದವರೆಗೆ ಪ್ರಯೋಗಕ್ಕೆ ಕೆಲಸ ಮಾಡಬಹುದು, ಅದರ ಜೊತೆ ವಾರಕ್ಕೆ 20 ಗಂಟೆ ಪಾರ್ಟ್‌ಟೈಮೂ ಇದೆ. ಮೆಷಿನ್ ಕೆಲಸ ಗೊತ್ತಿರೋನಿಗೆ ಮಾತಿಗಿಂತ ಅದೇ ಸಲೀಸು. ಇಂಟರ್ವ್ಯೂ ಯಾವತ್ತು ಅಂತ ತಿಳಿಸು, ಆ ಮೂರು ವಾಕ್ಯ ಜರ್ಮನ್‌ನಲ್ಲಿ ಬರೆದು ಕಳಿಸಿದರೆ ನೋಡ್ತೀನಿ.