ಎಲ್ಲ ಪೋರ್ಟ್‌ಗೂ 1% ಸ್ಟಾರ್ಮ್ ಕಂಟ್ರೋಲ್ ಹಾಕಿದರೆ ಸಾಕೇ?

ಸಾಲದು. ಕೆಲವು ಸ್ವಿಚ್‌ಗಳಲ್ಲಿ ಹಾಗೆ ಹಾಕುವುದು ಅಪಾಯವೂ ಹೌದು. (ಸ್ಟಾರ್ಮ್ ಕಂಟ್ರೋಲ್ ಅಂದರೆ ಪೋರ್ಟ್‌ಗೆ ಬರುವ ಬ್ರಾಡ್‌ಕಾಸ್ಟ್‌ನಂಥ ಟ್ರಾಫಿಕ್ ಮಿತಿ ಮೀರಿದರೆ ಸ್ವಿಚ್ ಅದನ್ನು ತಡೆಯುವ ವ್ಯವಸ್ಥೆ.)

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ: ಯಾರೋ ಕೇಬಲ್ ಲೂಪ್ ಮಾಡಿ, ಅಂದರೆ ಟ್ರಾಫಿಕ್ ಸುತ್ತಿ ಸುತ್ತಿ ಬರುವಂತೆ ಜೋಡಿಸಿ, ಇಡೀ ನೆಟ್‌ವರ್ಕ್ ಬಿದ್ದುಹೋಯಿತು. ಸ್ವಿಚ್ ಹಾಕಿಕೊಟ್ಟವರು ಈಗ ಅಪ್‌ಲಿಂಕ್‌ಗಳೂ (ಸ್ವಿಚ್‌ಗಳನ್ನು ಒಂದಕ್ಕೊಂದು ಜೋಡಿಸುವ ಪೋರ್ಟ್‌ಗಳು) ಸೇರಿ ಎಲ್ಲ ಪೋರ್ಟ್‌ಗಳಲ್ಲಿ ಬ್ರಾಡ್‌ಕಾಸ್ಟ್ (ಎಲ್ಲರಿಗೂ ಹೋಗುವುದು), ಮಲ್ಟಿಕಾಸ್ಟ್ (ಒಂದು ಗುಂಪಿಗೆ), ಯೂನಿಕಾಸ್ಟ್ (ಒಬ್ಬರಿಗೇ) ಮೂರಕ್ಕೂ 1% ಮಿತಿ ಹಾಕಿ, ಮೀರಿದರೆ ಪೋರ್ಟ್ ಮುಚ್ಚಿಬಿಡಲಿ ಅನ್ನುತ್ತಿದ್ದಾರೆ. ಜೊತೆಗೆ, ಲೂಪ್ ಇಲ್ಲದ ದಿನಗಳಲ್ಲೂ ಆಗಾಗ ಎಲ್ಲ ಪೋರ್ಟ್‌ಗಳ ದೀಪ ಒಟ್ಟಿಗೆ ಮಿನುಗುತ್ತವೆ, ನೆಟ್‌ವರ್ಕ್ ನಿಧಾನವಾಗುತ್ತದೆ ಎಂದೂ ಬರೆದಿದ್ದೀರಿ. ಈ ಎರಡನೆಯದನ್ನು ನೀವು ಕೊನೆಯ ಸಾಲಿನಲ್ಲಿ ಹೇಳಿ ಮುಗಿಸಿದ್ದೀರಿ. ನನಗೆ ಅದೇ ದೊಡ್ಡ ವಿಷಯ ಅನ್ನಿಸುತ್ತದೆ. ಆದರೆ ಮೊದಲು ಆ 1% ಏನೆಂದು ನೋಡೋಣ.

ಎತರ್ನೆಟ್‌ನ ಅತಿ ಚಿಕ್ಕ ಫ್ರೇಮ್, ಅಂದರೆ ಒಂದು ಸಲಕ್ಕೆ ಕಳಿಸುವ ಡೇಟಾ ಕಟ್ಟು, 64 ಬೈಟ್. ಅದಕ್ಕೆ ಮುಂದೆ 8 ಬೈಟ್ ಪ್ರಿಆಂಬಲ್ (ಆರಂಭದ ಗುರುತು), ಹಿಂದೆ 12 ಬೈಟಿನಷ್ಟು ಬಿಡುವು ಸೇರಿಸಿದರೆ ತಂತಿಯ ಮೇಲೆ 84 ಬೈಟ್ ಜಾಗ ಹಿಡಿಯುತ್ತದೆ. ಆ ಲೆಕ್ಕದಲ್ಲಿ 1 ಗಿಗಾಬಿಟ್ ಪೋರ್ಟ್‌ನಲ್ಲಿ ಸೆಕೆಂಡಿಗೆ ಸುಮಾರು 14,88,000 ಫ್ರೇಮ್‌ಗಳು ಹೋಗಬಹುದು. ಅದರ 1% ಅಂದರೆ 14,880. ಎಆರ್‌ಪಿ ವಿನಂತಿಗಳು (ಈ ಐಪಿ ವಿಳಾಸ ಯಾರದೆಂದು ಎಲ್ಲರನ್ನೂ ಕೇಳುವ ಕೂಗು) ಇಂಥ ಚಿಕ್ಕ ಫ್ರೇಮ್‌ಗಳೇ. ಅಂದರೆ ಕೆಟ್ಟುಹೋದ ಒಂದೇ ಒಂದು ಯಂತ್ರ ಸೆಕೆಂಡಿಗೆ ಹದಿನಾಲ್ಕು ಸಾವಿರ ಎಆರ್‌ಪಿ ಕೂಗಿದರೂ ನಿಮ್ಮ ಮಿತಿಗೆ ಅದು ಕಾಣುವುದಿಲ್ಲ! ಬ್ರಾಡ್‌ಕಾಸ್ಟ್ ಆದ್ದರಿಂದ ಆ ವಿಎಲ್ಯಾನ್‌ನಲ್ಲಿರುವ (ಸ್ವಿಚ್‌ಗಳಲ್ಲಿ ಬೇರ್ಪಡಿಸಿದ ನೆಟ್‌ವರ್ಕ್ ಭಾಗ) ಪ್ರತಿ ಸಾಧನದ ಸಿಪಿಯು ಅದನ್ನು ತೆರೆದು ನೋಡಲೇಬೇಕು. ಲ್ಯಾಪ್‌ಟಾಪ್ ಹೇಗೋ ತಡೆದುಕೊಳ್ಳುತ್ತದೆ. ಹಳೆಯ ಪ್ರಿಂಟರ್, ಐಪಿ ಫೋನ್, ಬಾಗಿಲಿನ ಕಾರ್ಡ್ ರೀಡರ್, ಯಂತ್ರ ನಡೆಸುವ ಪಿಎಲ್‌ಸಿ ಇಂಥವು ಮೊದಲು ಮಲಗುತ್ತವೆ. ಅದೇ 1% ಎಂಬುದು 10 ಗಿಗಾಬಿಟ್ ಪೋರ್ಟ್‌ನಲ್ಲಿ ಸುಮಾರು 1,48,800 ಆಗುತ್ತದೆ, 100 ಮೆಗಾಬಿಟ್‌ನಲ್ಲಿ ಬರೀ 1,488. ಸಂಖ್ಯೆ ಒಂದೇ, ಅರ್ಥ ಮೂರು. ಜುನಿಪರ್‌ನ ಹಲವು ಇಎಕ್ಸ್ ಸ್ವಿಚ್‌ಗಳಲ್ಲಿ ಮೊದಲಿನಿಂದಲೇ 80% ಮಿತಿ ಹಾಕಿರುತ್ತಾರೆ. ಚಿಕ್ಕ ಫ್ರೇಮ್‌ಗಳ ಹಾವಳಿಗೆ ಅದು ಇದ್ದೂ ಇಲ್ಲದಂತೆ.

ಹಾಗಾಗಿ ಸ್ವಿಚ್ ಒಪ್ಪಿದರೆ ಸೆಕೆಂಡಿಗೆ ಇಷ್ಟು ಪ್ಯಾಕೆಟ್ ಎಂಬ ಲೆಕ್ಕದಲ್ಲೇ, ಅಂದರೆ ಪಿಪಿಎಸ್‌ನಲ್ಲೇ ಮಿತಿ ಹಾಕಿ. ಶೇಕಡಾ ಬಿಟ್ಟರೆ ಬೇರೆ ಇಲ್ಲ ಅನ್ನುವ ಮಾದರಿಯಾದರೆ ದಶಾಂಶ ಒಪ್ಪುತ್ತದೆಯೇ ನೋಡಿ. ಗಿಗಾಬಿಟ್ ಪೋರ್ಟ್‌ನಲ್ಲಿ 0.03% ಅಂದರೆ ಚಿಕ್ಕ ಫ್ರೇಮ್‌ಗಳಲ್ಲಿ ಸುಮಾರು 446. ಒಬ್ಬ ಬಳಕೆದಾರ ಕೂರುವ ಪೋರ್ಟ್‌ಗೆ ನಾನು ಬ್ರಾಡ್‌ಕಾಸ್ಟ್ ಮಿತಿಯನ್ನು 200ರಿಂದ 500 ಪಿಪಿಎಸ್ ಒಳಗೆ ಇಡುತ್ತೇನೆ. ಇದು ನನ್ನ ರೂಢಿ ಅಷ್ಟೇ, ಶಾಸ್ತ್ರವಲ್ಲ. ನಿಮ್ಮಲ್ಲಿ ಪೋರ್ಟ್ ಕೌಂಟರ್‌ಗಳನ್ನು ಸೊನ್ನೆಗೆ ತಂದು ಕೆಲವು ದಿನ ಒಳಬರುವ ಬ್ರಾಡ್‌ಕಾಸ್ಟ್ ಎಷ್ಟೆಂದು ನೋಡಿ. ಸರಾಸರಿ ನೋಡಿ ಪ್ರಯೋಜನವಿಲ್ಲ, ಏರಿಳಿತದ ತುದಿ ಬೇಕು: ಕರೆಂಟ್ ಹೋಗಿ ಬಂದು ಎಲ್ಲ ಸಾಧನಗಳೂ ಒಟ್ಟಿಗೆ ಎದ್ದು ಡಿಎಚ್‌ಸಿಪಿಯಲ್ಲಿ ಐಪಿ ವಿಳಾಸ ಕೇಳುವ ಗಳಿಗೆ. ಆ ತುದಿಯ ಕೆಲವು ಪಟ್ಟು ಮೇಲೆ ಮಿತಿ ಇರಲಿ.

ಇನ್ನು ಅಪ್‌ಲಿಂಕ್. ಸ್ಟಾರ್ಮ್ ಕಂಟ್ರೋಲ್ ಎಣಿಸುವುದು ಪೋರ್ಟ್‌ನ ಒಳಗೆ ಬರುವುದನ್ನು, ಹೊರಗೆ ಹೋಗುವುದನ್ನಲ್ಲ. ಅಪ್‌ಲಿಂಕ್‌ನ ಒಳಗೆ ಬರುವುದು ಉಳಿದ ಎಲ್ಲ ಸ್ವಿಚ್‌ಗಳ ಬ್ರಾಡ್‌ಕಾಸ್ಟ್‌ನ ಮೊತ್ತ. ಅಲ್ಲಿ ಮಿತಿ ಮುಟ್ಟಿದ ಮೇಲೆ ಯಾವ ಎಆರ್‌ಪಿ ಲೂಪಿನದು, ಯಾವುದು ಪ್ರಾಮಾಣಿಕರದು ಎಂದು ಸ್ವಿಚ್‌ಗೆ ಗೊತ್ತಾಗುವುದಿಲ್ಲ, ಸಿಕ್ಕಿದ್ದನ್ನೆಲ್ಲ ಬಿಸಾಡುತ್ತದೆ. ಲಿಂಕ್ ಹಸಿರು, ಹಳೆಯ ಸಂಪರ್ಕಗಳು ಸರಿ, ಹೊಸದಾಗಿ ಬಂದವರಿಗೆ ಮಾತ್ರ ಐಪಿ ಸಿಗುವುದಿಲ್ಲ. ಇಂಥ ತೊಂದರೆಯ ಮೂಲ ಹುಡುಕುವುದರಷ್ಟು ಬೇಸರದ ಕೆಲಸ ಇನ್ನೊಂದಿಲ್ಲ. ಆದ್ದರಿಂದ ಬಿಗಿ ಮಿತಿ ಬಳಕೆದಾರರ ಪೋರ್ಟ್‌ನಲ್ಲಿ, ಅಂದರೆ ಗಲಾಟೆ ಹುಟ್ಟುವ ಜಾಗದಲ್ಲೇ ಇರಲಿ. ಅಪ್‌ಲಿಂಕ್‌ಗೆ ಬೇಕೇಬೇಕೆಂದರೆ ಸಡಿಲವಾಗಿ ಹಾಕಿ, ಮೀರಿದರೆ ಎಚ್ಚರಿಕೆ ಬರುವಂತೆ ಮಾಡಿ. ಅಲ್ಲಿ ಪೋರ್ಟ್ ಮುಚ್ಚುವ ಆಯ್ಕೆ ಕೊಟ್ಟರೆ ನೆಗಡಿ ಬಂತೆಂದು ಮೂಗು ಕೊಯ್ದುಕೊಂಡಂತೆ: ಒಂದು ಮೂಲೆಯ ಲೂಪಿಗೆ ಇಡೀ ಮಹಡಿ ಕತ್ತರಿಸಿಹೋಗುತ್ತದೆ.

ಬಳಕೆದಾರರ ಪೋರ್ಟ್ ಮುಚ್ಚುವುದಕ್ಕೆ ನನ್ನ ಅಡ್ಡಿಯಿಲ್ಲ. ಎತರ್ನೆಟ್ ಫ್ರೇಮ್‌ನಲ್ಲಿ ಐಪಿಗೆ ಇರುವಂತೆ ಟಿಟಿಎಲ್ (ಇಷ್ಟು ಸಲ ದಾಟಿದ ಮೇಲೆ ಸಾಯಿಸುವ ಎಣಿಕೆ) ಇಲ್ಲ, ಲೂಪಿಗೆ ಬಿದ್ದ ಬ್ರಾಡ್‌ಕಾಸ್ಟ್ ತಾನಾಗಿ ಸಾಯುವುದಿಲ್ಲ. ಬರೀ ಮಿತಿ ಹಾಕಿದರೆ ಲೂಪು ತೆಳ್ಳಗಾಗಿ ಹಾಗೇ ಸುತ್ತುತ್ತಿರುತ್ತದೆ. ಸಿಸ್ಕೋ ಆದರೆ ಎರರ್ ಡಿಸೇಬಲ್ ಆದ, ಅಂದರೆ ಹೀಗೆ ಮುಚ್ಚಿಹೋದ ಪೋರ್ಟ್ ತಾನೇ ಏಳುವ ವ್ಯವಸ್ಥೆಯನ್ನು ನೀವೇ ಆನ್ ಮಾಡಬೇಕು, ಆನ್ ಮಾಡಿದರೆ ಅವಧಿ 300 ಸೆಕೆಂಡ್. ಆದರೆ ಲೂಪಿಗೆ ಮೊದಲ ಮದ್ದು ಸ್ಪ್ಯಾನಿಂಗ್ ಟ್ರೀ (ಬಿಪಿಡಿಯು ಎಂಬ ಸಂದೇಶಗಳಿಂದ ಲೂಪು ಹುಡುಕಿ ಒಂದು ದಾರಿ ಮುಚ್ಚುವ ವ್ಯವಸ್ಥೆ), ಬಿಪಿಡಿಯು ಗಾರ್ಡ್ (ಬಳಕೆದಾರರ ಪೋರ್ಟ್‌ಗೆ ಆ ಸಂದೇಶ ಬಂದರೆ ಪೋರ್ಟ್ ಮುಚ್ಚುವುದು). ಯಾರೋ ಮೇಜಿನ ಕೆಳಗೆ ಇಟ್ಟ ಅಗ್ಗದ ಸ್ವಿಚ್ ಬಿಪಿಡಿಯು ನುಂಗಿಬಿಟ್ಟಾಗ ಗಾರ್ಡ್‌ಗೆ ಏನೂ ಕಾಣುವುದಿಲ್ಲ. ಸ್ಟಾರ್ಮ್ ಕಂಟ್ರೋಲ್ ನಿಜವಾಗಿ ತನ್ನ ಸಂಬಳ ದುಡಿಯುವುದು ಆಗ.

ಮಲ್ಟಿಕಾಸ್ಟ್‌ಗೆ 1% ಎಂದು ಕಣ್ಣು ಮುಚ್ಚಿ ಹಾಕಬೇಡಿ. ಐಪಿವಿ6ರಲ್ಲಿ ಎಆರ್‌ಪಿಯ ಕೆಲಸವನ್ನು ಮಲ್ಟಿಕಾಸ್ಟೇ ಮಾಡುತ್ತದೆ. ರೌಟರ್‌ಗಳು ತಮ್ಮೊಳಗೆ ಕಳಿಸಿಕೊಳ್ಳುವ ಓಎಸ್‌ಪಿಎಫ್, ವಿಆರ್‌ಆರ್‌ಪಿ ಸಂದೇಶಗಳೂ ಮಲ್ಟಿಕಾಸ್ಟ್. ಸಿಸ್ಕೋದ ಹಲವು ಕೆಟಲಿಸ್ಟ್ ಮಾದರಿಗಳಲ್ಲಿ ಮಿತಿ ಮೀರಿದಾಗ ಬಿಪಿಡಿಯು, ಸಿಡಿಪಿ (ಸಿಸ್ಕೋ ಸಾಧನಗಳ ಪರಿಚಯದ ಸಂದೇಶ) ದಾಟುತ್ತವೆ, ಓಎಸ್‌ಪಿಎಫ್ ಮಾತ್ರ ಉಳಿದ ಮಲ್ಟಿಕಾಸ್ಟ್ ಜೊತೆ ಬಲಿಯಾಗುತ್ತದೆ. ಕ್ಯಾಮೆರಾ, ವೀಡಿಯೊ ಸ್ಟ್ರೀಮ್‌ಗಳ ಹೊರೆ ಇದ್ದರೆ ಅದಕ್ಕೆ ಮದ್ದು ಐಜಿಎಂಪಿ ಸ್ನೂಪಿಂಗ್ (ಮಲ್ಟಿಕಾಸ್ಟನ್ನು ಕೇಳಿದವರ ಪೋರ್ಟ್‌ಗೆ ಮಾತ್ರ ಕಳಿಸುವುದು). ಅದರ ಜೊತೆ ವಿಎಲ್ಯಾನ್‌ನಲ್ಲಿ ಒಂದು ಕ್ವೇರಿಯರ್ (ಯಾರಿಗೆ ಬೇಕೆಂದು ಆಗಾಗ ಕೇಳುವ ಸಾಧನ) ಇರಲೇಬೇಕು. ಶುರುವಾದ ನಾಲ್ಕೈದು ನಿಮಿಷಕ್ಕೆ ವೀಡಿಯೊ ನಿಂತುಹೋಗುತ್ತದೆ ಎಂಬ ದೂರು ಬಂದರೆ ನಾನು ಮೊದಲು ನೋಡುವುದು ಕ್ವೇರಿಯರ್ ಇದೆಯೇ ಎಂದು, ಏಕೆಂದರೆ ಸದಸ್ಯತ್ವದ ಅವಧಿ ಸಾಮಾನ್ಯವಾಗಿ 260 ಸೆಕೆಂಡ್.

ಈಗ ನಿಮ್ಮ ಮಿನುಗುವ ದೀಪಗಳು. ಇದು ಬ್ರಾಡ್‌ಕಾಸ್ಟ್ ಅಲ್ಲ, ವಿಳಾಸ ಗೊತ್ತಿಲ್ಲದ ಯೂನಿಕಾಸ್ಟ್ ಎಂದು ನನ್ನ ಊಹೆ. ಸ್ವಿಚ್ ಮ್ಯಾಕ್ ವಿಳಾಸ (ಪ್ರತಿ ಸಾಧನದ ಯಂತ್ರಾಂಶ ವಿಳಾಸ) ಕಲಿಯುವುದು ಫ್ರೇಮ್ ಕಳಿಸಿದವರಿಂದ. ಯಾರಿಗೆ ಹೋಗಬೇಕೋ ಆ ಮ್ಯಾಕ್ ಪಟ್ಟಿಯಲ್ಲಿ ಇಲ್ಲದಿದ್ದರೆ ವಿಎಲ್ಯಾನ್‌ನ ಎಲ್ಲ ಪೋರ್ಟ್‌ಗೂ ಸುರಿಯುತ್ತದೆ. 300 ಸೆಕೆಂಡ್ ಮಾತಾಡದೆ ಕೂತವರ ಹೆಸರು ಪಟ್ಟಿಯಿಂದ ಬಿದ್ದುಹೋಗುವುದು ಬಹುತೇಕ ಸ್ವಿಚ್‌ಗಳ ವಾಡಿಕೆ. ಸಿಸ್ಕೋ ರೌಟರ್‌ನಲ್ಲಿ ಎಆರ್‌ಪಿ ನೆನಪು 4 ಗಂಟೆ. ಎರಡು ಗೇಟ್‌ವೇಗಳಿದ್ದು (ಹೊರಗಿನ ನೆಟ್‌ವರ್ಕ್‌ಗೆ ದಾರಿಯಾಗುವ ರೌಟರ್‌ಗಳು), ಒಂದು ಸರ್ವರ್‌ನಿಂದ ಹೋಗುವ ಟ್ರಾಫಿಕ್ ಒಂದರಲ್ಲಿ, ಬರುವುದು ಇನ್ನೊಂದರಲ್ಲಿ ಎಂದಾದರೆ ಬರುವ ದಾರಿಯ ಸ್ವಿಚ್ ಆ ಸರ್ವರ್‌ನ ದನಿಯನ್ನೇ ಕೇಳುವುದಿಲ್ಲ. ಐದು ನಿಮಿಷಕ್ಕೆ ಮ್ಯಾಕ್ ಮರೆಯುತ್ತದೆ, ರೌಟರ್ ಮಾತ್ರ ಗಂಟೆಗಟ್ಟಲೆ ಅದೇ ಮ್ಯಾಕ್‌ಗೆ ಕಳಿಸುತ್ತಲೇ ಇರುತ್ತದೆ. ಆಗ ಒಂದು ಬ್ಯಾಕಪ್ ಪೂರ್ತಿ ವೇಗದಲ್ಲಿ ಎಲ್ಲರ ಪೋರ್ಟ್‌ಗೂ ಹಂಚಿಕೆಯಾಗುತ್ತದೆ. ಮದ್ದು ಸರಳ: ಎಆರ್‌ಪಿ ಅವಧಿಯನ್ನು ಮ್ಯಾಕ್ ಅವಧಿಗಿಂತ ಕಡಿಮೆ ಮಾಡಿ, ಇಲ್ಲವೇ ಮ್ಯಾಕ್ ಅವಧಿಯನ್ನು ಎಆರ್‌ಪಿಗಿಂತ ಹೆಚ್ಚಿಸಿ.

ಎರಡು ಗೇಟ್‌ವೇ ಇಲ್ಲವೆಂದರೆ ಅನುಮಾನ ಸ್ಪ್ಯಾನಿಂಗ್ ಟ್ರೀ ಮೇಲೆ. ಬಳಕೆದಾರರ ಪೋರ್ಟ್‌ಗಳನ್ನು ಎಡ್ಜ್ ಅಥವಾ ಪೋರ್ಟ್‌ಫಾಸ್ಟ್ ಎಂದು ಗುರುತಿಸದಿದ್ದರೆ ಯಾರೋ ಲ್ಯಾಪ್‌ಟಾಪ್ ಚುಚ್ಚಿದಾಗಲೂ ಟೋಪಾಲಜಿ (ಸ್ವಿಚ್‌ಗಳ ಜೋಡಣೆ) ಬದಲಾಯಿತೆಂಬ ಸುದ್ದಿ ಎಲ್ಲ ಸ್ವಿಚ್‌ಗಳಿಗೂ ಹೋಗುತ್ತದೆ. ಹಳೆಯ ಸ್ಪ್ಯಾನಿಂಗ್ ಟ್ರೀಯಾದ ಎಸ್‌ಟಿಪಿ ಮ್ಯಾಕ್ ಅವಧಿಯನ್ನು 15 ಸೆಕೆಂಡಿಗೆ ಇಳಿಸುತ್ತದೆ, ಅದರ ಹೊಸ ರೂಪ ಆರ್‌ಎಸ್‌ಟಿಪಿ ಕಲಿತದ್ದನ್ನು ತಕ್ಷಣ ಅಳಿಸುತ್ತದೆ. ಮತ್ತೆ ಕಲಿಯುವವರೆಗೂ ಪ್ರವಾಹ. ನೂರಾರು ಪೋರ್ಟ್‌ಗಳಿರುವ ಕಡೆ ಇದು ದಿನವಿಡೀ ನಡೆಯುತ್ತದೆ, ಯಾರ ಕಣ್ಣಿಗೂ ಬೀಳುವುದಿಲ್ಲ. ಇವೆರಡೂ ಅಲ್ಲದಿದ್ದರೆ ಮ್ಯಾಕ್ ಪಟ್ಟಿ ತುಂಬಿದೆಯೇ ನೋಡಿ. ಮ್ಯಾಕ್‌ಆಫ್‌ನಂಥ ಉಪಕರಣಗಳು ಬೇಕೆಂದೇ ಅದನ್ನು ತುಂಬಿಸುತ್ತವೆ, ಅದಕ್ಕೆ ಪೋರ್ಟ್ ಸೆಕ್ಯುರಿಟಿ (ಒಂದು ಪೋರ್ಟ್‌ನಲ್ಲಿ ಎಷ್ಟು ಮ್ಯಾಕ್ ಎಂಬ ಮಿತಿ) ಇದೆ. ಮೈಕ್ರೋಸಾಫ್ಟ್‌ನ ಎನ್‌ಎಲ್‌ಬಿ (ಹಲವು ಸರ್ವರ್‌ಗಳಿಗೆ ಹೊರೆ ಹಂಚುವ ವ್ಯವಸ್ಥೆ) ಯೂನಿಕಾಸ್ಟ್ ಮೋಡ್‌ನಲ್ಲಿ ಇದ್ದರೆ ಇನ್ನೂ ವಿಚಿತ್ರ: ಕ್ಲಸ್ಟರ್‌ನ ಮ್ಯಾಕ್ ಅನ್ನು ಸ್ವಿಚ್ ಎಂದೂ ಕಲಿಯದಂತೆ ಅದು ಬೇಕಂತಲೇ ಮರೆಮಾಡುತ್ತದೆ, ಅದರ ಕೆಲಸ ನಡೆಯುವುದೇ ಈ ಪ್ರವಾಹದಿಂದ. ಅದನ್ನು ಪ್ರತ್ಯೇಕ ವಿಎಲ್ಯಾನ್‌ಗೆ ಹಾಕಿ.

ಸ್ವಿಚ್ ಹಾಕಿಕೊಟ್ಟವರು ನಿಮಗೆ ಹೇಳಿದ ಸಲಹೆ ಎಷ್ಟು ಅಪಾಯ ಎಂಬುದು ಇಲ್ಲಿ ಗೊತ್ತಾಗುತ್ತದೆ. ಕೆಲವು ಸ್ವಿಚ್‌ಗಳಲ್ಲಿ ಸ್ಟಾರ್ಮ್ ಕಂಟ್ರೋಲ್‌ನ ‘ಯೂನಿಕಾಸ್ಟ್’ ಆಯ್ಕೆ ವಿಳಾಸ ಗೊತ್ತಿಲ್ಲದ್ದನ್ನು ಮಾತ್ರವಲ್ಲ, ಎಲ್ಲ ಯೂನಿಕಾಸ್ಟನ್ನೂ ಎಣಿಸುತ್ತದೆ. ಅಂಥದ್ದಕ್ಕೆ 1% ಹಾಕಿದರೆ ನಿಮ್ಮ ಗಿಗಾಬಿಟ್ ಪೋರ್ಟ್ 10 ಮೆಗಾಬಿಟ್ ಆಯಿತು. ಮುಚ್ಚುವ ಆಯ್ಕೆಯೂ ಇದ್ದರೆ ದೊಡ್ಡ ಫೈಲ್ ಕಾಪಿ ಮಾಡಿದವರ ಪೋರ್ಟ್ ಬಂದ್. ‘ಅನ್‌ನೋನ್ ಯೂನಿಕಾಸ್ಟ್’ ಎಂದು ಬೇರೆಯೇ ಆಯ್ಕೆ ಇದೆಯೇ ಎಂದು ನಿಮ್ಮ ಮಾದರಿಯ ಕೈಪಿಡಿಯಲ್ಲಿ ನೋಡದೆ ಆ ಸಾಲು ಮುಟ್ಟಬೇಡಿ. ಸೂಕ್ಷ್ಮ ಸಾಧನಗಳ ಪೋರ್ಟ್‌ನಿಂದ ಹೊರಗೆ ಹೋಗುವ ಪ್ರವಾಹ ನಿಲ್ಲಿಸುವುದಷ್ಟೇ ಗುರಿಯಾದರೆ ಸಿಸ್ಕೋದಲ್ಲಿ ‘ಸ್ವಿಚ್‌ಪೋರ್ಟ್ ಬ್ಲಾಕ್ ಯೂನಿಕಾಸ್ಟ್’ ಇದೆ, ಲಿನಕ್ಸ್ ಬ್ರಿಡ್ಜ್‌ನಲ್ಲಿ ಪೋರ್ಟ್‌ಗೆ ‘ಫ್ಲಡ್ ಆಫ್’ ಇದೆ. ತಾನಾಗಿ ಮಾತಾಡದೆ ಕೇಳುತ್ತಲೇ ಇರುವ ಸಾಧನದ, ಉದಾಹರಣೆಗೆ ಲಾಗ್ ಸಂಗ್ರಹಿಸುವ ಸರ್ವರ್‌ನ ಪೋರ್ಟ್‌ಗೆ ಮಾತ್ರ ಇದನ್ನು ಹಾಕಬೇಡಿ. ಸ್ವಿಚ್ ಅದನ್ನು ಮರೆತ ಮರುಕ್ಷಣ ಅದರ ಕಿವಿ ಮುಚ್ಚಿಹೋಗುತ್ತದೆ.

ವಿಎಲ್ಯಾನ್ ಚಿಕ್ಕದು ಮಾಡಿ, ಬೇಡದ ವಿಎಲ್ಯಾನ್‌ಗಳನ್ನು ಟ್ರಂಕ್‌ನಿಂದ (ಹಲವು ವಿಎಲ್ಯಾನ್ ಹೊರುವ ಲಿಂಕ್) ತೆಗೆಯಿರಿ ಎಂಬುದನ್ನು ನಿಮಗೆ ಎಲ್ಲರೂ ಹೇಳಿರುತ್ತಾರೆ, ಅದು ಸರಿಯೇ. ವೈಫೈ ಇದ್ದರಂತೂ ಕಡ್ಡಾಯ, ಯಾಕೆಂದರೆ ಆಕ್ಸೆಸ್ ಪಾಯಿಂಟ್ ಬ್ರಾಡ್‌ಕಾಸ್ಟ್ ಅನ್ನು ಸಾಮಾನ್ಯವಾಗಿ ಅತಿ ನಿಧಾನದ ಮೂಲ ವೇಗದಲ್ಲಿ ಕಳಿಸುತ್ತದೆ, ಗಾಳಿಯಲ್ಲಿ ಕಳಿಸಲು ಎಲ್ಲರಿಗೂ ಸೇರಿ ಸಿಗುವ ಸಮಯ ಬೇಗ ಖಾಲಿಯಾಗುತ್ತದೆ.

ಇವತ್ತೇ ಮಾಡಬಹುದಾದ ಕೆಲಸ: ದೀಪಗಳು ಮಿನುಗುವಾಗ ಯಾವುದಾದರೂ ಸಾದಾ ಪೋರ್ಟ್‌ನಲ್ಲಿ ವೈರ್‌ಶಾರ್ಕ್ (ಟ್ರಾಫಿಕ್ ಹಿಡಿದು ತೋರಿಸುವ ಉಪಕರಣ) ಹಾಕಿ, ನಿಮ್ಮದಲ್ಲದ ಮ್ಯಾಕ್‌ಗೆ ಹೋಗುವ ಯೂನಿಕಾಸ್ಟ್ ಬರುತ್ತಿದೆಯೇ ನೋಡಿ. ಬರುತ್ತಿದ್ದರೆ ಆ ಮ್ಯಾಕ್ ಯಾರದು, ಸ್ಪ್ಯಾನಿಂಗ್ ಟ್ರೀ ವಿವರದಲ್ಲಿ ಟೋಪಾಲಜಿ ಚೇಂಜ್ ಎಣಿಕೆ ಎಷ್ಟು, ಕೊನೆಯದು ಯಾವ ಪೋರ್ಟ್‌ನಿಂದ ಬಂತು, ಸ್ವಿಚ್ ಮಾದರಿ ಯಾವುದು, ಇಷ್ಟನ್ನು ಪ್ರಶ್ನೆಗೆ ಸೇರಿಸಿ. ಮಿತಿಯ ಸಂಖ್ಯೆಗಳನ್ನು ಅದನ್ನು ನೋಡಿಕೊಂಡೇ ಹೇಳುತ್ತೇನೆ.